ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ಬಳಿಕ ಮೂತ್ರದ ಹಿಡಿತ ಮರಳುವುದು ಹೇಗೆ? ಮನೆಯವರೆಲ್ಲ ತಿಳಿದಿರಬೇಕಾದ ಸಂಗತಿಗಳು

ಮಂಜೇಶ್ವರ ತಾಲೂಕಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತರಾದ ಮಾಸ್ತರರೊಬ್ಬರು ಈ ಬಾರಿಯ ಶಾಲಾ ವಾರ್ಷಿಕೋತ್ಸವಕ್ಕೆ ಬರಲಿಲ್ಲ. ಅವರಿಲ್ಲದೆ ಆ ಶಾಲೆಯ ಸಭೆ ನಡೆದದ್ದು ಊರಿನವರ ನೆನಪಿನಲ್ಲಿಲ್ಲ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ ಆಗ ಎರಡು ತಿಂಗಳು ಕಳೆದಿತ್ತು. ಗಾಯ ಮಾಗಿತ್ತು, ರಕ್ತಪರೀಕ್ಷೆಯ ವರದಿಯೂ ಸಮಾಧಾನಕರವಾಗಿತ್ತು. ಕೇಳಿದವರಿಗೆಲ್ಲ ಮನೆಯವರು "ಸ್ವಲ್ಪ ನಿಶ್ಶಕ್ತಿ" ಎಂದು ಹೇಳಿ ಕಳುಹಿಸಿದರು. ನಿಜವಾದ ಕಾರಣ ಬೇರೆಯೇ ಆಗಿತ್ತು. ಎದ್ದು ನಿಂತರೆ, ಕೆಮ್ಮಿದರೆ ಅವರಿಗೆ ತಿಳಿಯದಂತೆಯೇ ಮೂತ್ರ ಸೋರುತ್ತಿತ್ತು. ಬಿಳಿ ಪಂಚೆ ಉಟ್ಟು ಮಕ್ಕಳೆದುರು ಕುಳಿತಿರುವಾಗ ಹಾಗಾದರೆ ಏನು ಗತಿ ಎಂಬ ಭಯದಿಂದ ಅವರು ಅಂಗಳ ದಾಟುವುದನ್ನೇ ಬಿಟ್ಟಿದ್ದರು.

ಹೆಸರು ಬರೆಯಬಾರದೆಂಬ ಒಂದೇ ಷರತ್ತಿನ ಮೇಲೆ ಅವರು ನಮ್ಮೊಡನೆ ಮಾತನಾಡಿದರು. ಅವರ ಮಾತಿನಲ್ಲಿ ನಮ್ಮನ್ನು ಹೆಚ್ಚು ಕಾಡಿದ ಸಂಗತಿ ರೋಗದ್ದಲ್ಲ. ಆಸ್ಪತ್ರೆಯಿಂದ ಬರುವಾಗ ವ್ಯಾಯಾಮದ ವಿವರವುಳ್ಳ ಒಂದು ಹಾಳೆಯನ್ನು ಅವರಿಗೆ ಕೊಟ್ಟಿದ್ದರು. ಅದು ಮಲಯಾಳದಲ್ಲಿತ್ತು. ಮಾಸ್ತರರಿಗೆ ಆ ಲಿಪಿ ಓದಲು ಬಾರದು. ಶಾಲೆಯಲ್ಲಿ ಮಲಯಾಳ ಕಲಿಯುತ್ತಿರುವ ಏಳನೆಯ ತರಗತಿಯ ಮೊಮ್ಮಗಳು ಓದಿ ಹೇಳಬೇಕಾಯಿತು. ಓದುವಾಗ ಆಕೆಗೂ ಸಂಕೋಚ, ಕೇಳುವಾಗ ಅಜ್ಜನಿಗೂ ಸಂಕೋಚ. ಅರ್ಧಂಬರ್ಧ ಓದಿ ಮುಗಿಸಿದ ಆ ಹಾಳೆಯಿಂದ ಅಜ್ಜನಿಗೆ ತಿಳಿದದ್ದು "ಹೊಟ್ಟೆಯನ್ನು ಬಿಗಿಹಿಡಿಯಬೇಕು" ಎಂದು. ಐದು ವಾರಗಳ ಕಾಲ ಅವರು ದಿನಕ್ಕೆ ಮೂರು ಬಾರಿ ಉಸಿರು ಕಟ್ಟಿ ಹೊಟ್ಟೆ ಬಿಗಿದರು. ಸೋರುವುದು ಕಡಿಮೆಯಾಗಲಿಲ್ಲ, ಕೆಲವು ದಿನ ಹೆಚ್ಚೇ ಆಯಿತು. ಏಕೆಂದರೆ ಹೇಳಿದ್ದು ಹೊಟ್ಟೆಯನ್ನಲ್ಲ.

ಇಂತಹ ತಪ್ಪು ತಿಳಿವಳಿಕೆ ನಮ್ಮ ನಡುವೆ ಸುಲಭವಾಗಿ ಆಗುತ್ತದೆ. ಅಕ್ಕಲಕೋಟೆ, ಜತ್ತದ ಕನ್ನಡಿಗರಿಗೆ ಕಾಗದ ಮರಾಠಿಯಲ್ಲಿ ಬರಬಹುದು, ತಾಳವಾಡಿ, ಹೊಸೂರಿನವರಿಗೆ ತಮಿಳಿನಲ್ಲಿ, ಆದೋನಿ, ಮಡಕಶಿರದವರಿಗೆ ತೆಲುಗಿನಲ್ಲಿ. ಜ್ವರವನ್ನೋ ತಲೆನೋವನ್ನೋ ಯಾವ ಭಾಷೆಯಲ್ಲಾದರೂ ಹೇಗೋ ಹೇಳಿಕೊಳ್ಳಬಹುದು. ಮೈಯ ಮುಚ್ಚಿದ ಭಾಗದ ಸಂಕಟವನ್ನು ಹೇಳಲು ಮಾತೃಭಾಷೆಯಲ್ಲಿಯೇ ನಾಲಗೆ ಏಳುವುದಿಲ್ಲ. ಆದುದರಿಂದ ಈ ವಿಷಯವನ್ನು ಕನ್ನಡದಲ್ಲಿ, ಮುಚ್ಚುಮರೆಯಿಲ್ಲದೆ, ಮನೆಮಂದಿಯೆಲ್ಲ ಓದಬಹುದಾದಂತೆ ಇಲ್ಲಿ ವಿವರಿಸುತ್ತಿದ್ದೇವೆ.

ಯಾವ ಶಸ್ತ್ರಚಿಕಿತ್ಸೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ

ಪ್ರಾಸ್ಟೇಟ್ ಎಂಬುದು ಗಂಡಸರಲ್ಲಿ ಮಾತ್ರ ಇರುವ ಗ್ರಂಥಿ. ಗಾತ್ರದಲ್ಲಿ ಒಂದು ನೆಲ್ಲಿಕಾಯಿಯಷ್ಟು. ಮೂತ್ರಕೋಶದ ಕೆಳಗೆ, ಮೂತ್ರ ಹೊರಗೆ ಹೋಗುವ ನಾಳವನ್ನು ಸುತ್ತುವರಿದು ಕುಳಿತಿರುತ್ತದೆ. ವಯಸ್ಸಾದಂತೆ ಅದು ಊದಿಕೊಂಡು ನಾಳವನ್ನು ಒತ್ತುವುದು ಸಾಮಾನ್ಯ. ಇದು ಕ್ಯಾನ್ಸರ್ ಅಲ್ಲ. ಇದಕ್ಕೆ ಮೂತ್ರನಾಳದ ಮೂಲಕವೇ ಉಪಕರಣವನ್ನು ಒಳಗೆ ಕಳುಹಿಸಿ, ಗ್ರಂಥಿಯ ಒಳಭಾಗವನ್ನಷ್ಟೇ ಕೆರೆದು ತೆಗೆಯುತ್ತಾರೆ. ಹಣ್ಣಿನ ಸಿಪ್ಪೆಯನ್ನು ಉಳಿಸಿ ತಿರುಳನ್ನು ತೆಗೆದಂತೆ. ಇದರ ಬಳಿಕ ಕೆಲವರಿಗೆ ಅವಸರವಾಗಿ ಮೂತ್ರ ಬರುವುದು, ತುಸು ಸೋರುವುದು ಉಂಟಾದರೂ ಅದು ಹೆಚ್ಚಾಗಿ ಅಲ್ಪಕಾಲದ್ದು.

ಕ್ಯಾನ್ಸರ್ ಗ್ರಂಥಿಯೊಳಗೇ ಇದ್ದಾಗ ಮಾಡುವ ಶಸ್ತ್ರಚಿಕಿತ್ಸೆ ಬೇರೆ. ಅಲ್ಲಿ ಗ್ರಂಥಿಯನ್ನು ಸಿಪ್ಪೆಸಹಿತ, ಅದಕ್ಕೆ ಅಂಟಿಕೊಂಡಿರುವ ವೀರ್ಯಕೋಶಗಳೊಂದಿಗೆ ಪೂರ್ತಿಯಾಗಿ ತೆಗೆಯುತ್ತಾರೆ. ಗ್ರಂಥಿಯ ನಡುವೆ ಹಾದುಹೋಗುವ ಮೂತ್ರನಾಳದ ತುಂಡೂ ಅದರೊಂದಿಗೆ ಹೋಗುತ್ತದೆ. ಆಮೇಲೆ ಮೂತ್ರಕೋಶದ ಕುತ್ತಿಗೆಯನ್ನು ಕೆಳಗೆ ಉಳಿದ ನಾಳಕ್ಕೆ ಹೊಲಿದು ಜೋಡಿಸುತ್ತಾರೆ. ಹೊಟ್ಟೆ ತೆರೆದು ಮಾಡಲಿ, ಸಣ್ಣ ರಂಧ್ರಗಳ ಮೂಲಕ ಮಾಡಲಿ, ರೋಬಾಟ್ ಯಂತ್ರದ ನೆರವಿನಿಂದ ಮಾಡಲಿ, ಒಳಗೆ ನಡೆಯುವ ಕೆಲಸ ಇದೇ. ಈ ಲೇಖನ ಈ ಎರಡನೆಯ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ್ದು.

"ಪಕ್ಕದ ಮನೆಯವರಿಗೂ ಪ್ರಾಸ್ಟೇಟ್ ಆಪರೇಷನ್ ಆಗಿತ್ತು, ಹದಿನೈದು ದಿನದಲ್ಲಿ ಪೇಟೆಗೆ ಹೊರಟರು" ಎಂದು ಹೋಲಿಸಿ ಕೊರಗುವವರು ಬಹಳ. ಪಕ್ಕದ ಮನೆಯವರಿಗೆ ಆದದ್ದು ಬಹುಶಃ ಮೊದಲನೆಯದು. ಎರಡರ ಹೆಸರು ಒಂದೇ ತರಹ ಕೇಳಿಸಿದರೂ ಚೇತರಿಕೆಯ ಲೆಕ್ಕ ಬೇರೆ ಬೇರೆ.

ಎರಡು ಬಾಗಿಲುಗಳ ಕಥೆ

ಮೂತ್ರವನ್ನು ಒಳಗೆ ತಡೆದಿಡಲು ದೇಹದಲ್ಲಿ ಎರಡು ಬಾಗಿಲುಗಳಿವೆ. ಮೊದಲನೆಯದು ಮೂತ್ರಕೋಶದ ಕುತ್ತಿಗೆಯಲ್ಲಿದೆ. ನಮ್ಮ ಅಪ್ಪಣೆಗೆ ಕಾಯದೆ, ನಿದ್ರೆಯಲ್ಲಿಯೂ ಎಚ್ಚರದಲ್ಲಿಯೂ ತಾನಾಗಿಯೇ ಮುಚ್ಚಿಕೊಂಡಿರುತ್ತದೆ. ಎರಡನೆಯದು ಪ್ರಾಸ್ಟೇಟ್ ಗ್ರಂಥಿಯ ಕೆಳಗೆ, ನಾಳವನ್ನು ಬಳೆಯಂತೆ ಸುತ್ತಿರುವ ಸ್ನಾಯು. ಇದರ ಕೀಲಿ ನಮ್ಮ ಕೈಯಲ್ಲಿದೆ. ಬಸ್ಸಿನಲ್ಲಿ ಅವಸರವಾದಾಗ ಮುಂದಿನ ನಿಲ್ದಾಣದವರೆಗೆ ತಡೆದುಕೊಳ್ಳುವುದು ಇದರ ಬಲದಿಂದ. ಬೆನ್ನಮೂಳೆಯ ಕೊನೆಯಿಂದ ಮುಂಭಾಗದ ಎಲುಬಿನವರೆಗೆ ಜೋಳಿಗೆಯಂತೆ ಹರಡಿಕೊಂಡು ಹೊಟ್ಟೆಯೊಳಗಿನ ಅಂಗಗಳನ್ನು ಕೆಳಗಿನಿಂದ ಹೊತ್ತಿರುವ ಸ್ನಾಯುಗಳು ಈ ಎರಡನೆಯ ಬಾಗಿಲಿಗೆ ಆಸರೆ. ಇವನ್ನು ಶ್ರೋಣಿತಳದ ಸ್ನಾಯುಗಳೆಂದು ಕರೆಯುತ್ತೇವೆ.

ಗ್ರಂಥಿಯನ್ನು ಪೂರ್ತಿ ತೆಗೆದಾಗ ಮೊದಲನೆಯ ಬಾಗಿಲಿನ ಬಲ ಬಹುಮಟ್ಟಿಗೆ ಹೋಗುತ್ತದೆ. ಅಷ್ಟು ಕಾಲ ಇಬ್ಬರು ಮಾಡುತ್ತಿದ್ದ ಕೆಲಸ ಈಗ ಒಬ್ಬನ ಹೆಗಲಿಗೆ ಬೀಳುತ್ತದೆ. ಆ ಒಬ್ಬನೂ ಶಸ್ತ್ರಚಿಕಿತ್ಸೆಯ ಬಾವಿನಿಂದ, ನರಗಳ ಎಳೆತದಿಂದ ಸ್ವಲ್ಪ ಕಾಲ ಸೊರಗಿರುತ್ತಾನೆ. ಆದುದರಿಂದ ಸೋರುವುದು ಶಸ್ತ್ರಚಿಕಿತ್ಸೆ ಕೆಟ್ಟಿತೆಂಬುದರ ಗುರುತಲ್ಲ, ಕ್ಯಾನ್ಸರ್ ಮರಳಿತೆಂಬುದರ ಗುರುತೂ ಅಲ್ಲ, ಮುಪ್ಪಿನ ದೌರ್ಬಲ್ಯವೂ ಅಲ್ಲ. ಉಳಿದ ಬಾಗಿಲು ಬಲಗೊಂಡು ಎರಡರ ಕೆಲಸವನ್ನು ಒಂದೇ ಮಾಡಲು ಕಲಿಯುವವರೆಗಿನ ಅವಧಿ ಅದು. ಈ ಒಂದು ಮಾತು ಮನೆಯ ಎಲ್ಲರಿಗೂ ಗೊತ್ತಿದ್ದರೆ ಅರ್ಧ ಸಂಕಟ ಕಡಿಮೆಯಾಗುತ್ತದೆ.

ಟ್ಯೂಬು ಇರುವ ದಿನಗಳು

ಹೊಲಿದ ಜೋಡಣೆ ಮಾಗುವವರೆಗೆ ಮೂತ್ರ ಹೊರಗೆ ಹರಿದುಹೋಗಲೆಂದು ಒಂದು ಕೊಳವೆಯನ್ನು ಹಾಕಿರುತ್ತಾರೆ. ಕ್ಯಾತಿಟರ್ ಎಂದು ಇದರ ಹೆಸರು. ಜನ ಟ್ಯೂಬು ಎನ್ನುತ್ತಾರೆ. ಸಾಮಾನ್ಯವಾಗಿ ಒಂದರಿಂದ ಎರಡು ವಾರ ಇದು ಇರುತ್ತದೆ. ಚೀಲವನ್ನು ಸದಾ ಮೂತ್ರಕೋಶಕ್ಕಿಂತ ಕೆಳಗಿನ ಮಟ್ಟದಲ್ಲಿ ತೂಗುಹಾಕಬೇಕು, ನೆಲಕ್ಕೆ ತಾಗಿಸಬಾರದು. ಟ್ಯೂಬನ್ನು ತೊಡೆಗೆ ಅಂಟಿಸಿಡಬೇಕು, ಜಗ್ಗಬಾರದು. ಮುಟ್ಟುವ ಮೊದಲೂ ಆಮೇಲೂ ಸಾಬೂನಿನಿಂದ ಕೈ ತೊಳೆಯಬೇಕು. ಮೂತ್ರ ತಿಳಿಗೆಂಪಾಗಿ ಕಾಣುವುದು, ಮೂತ್ರಕೋಶ ಹಿಂಡಿದಂತಾಗಿ ಟ್ಯೂಬಿನ ಪಕ್ಕದಿಂದ ತುಸು ಜಿನುಗುವುದು ಈ ದಿನಗಳಲ್ಲಿ ಆಗುವುದುಂಟು. ಟ್ಯೂಬು ಇರುವಾಗ ಸ್ನಾಯು ಬಿಗಿಯುವ ವ್ಯಾಯಾಮವನ್ನು ಮಾಡಬಾರದು.

ಕೇರಳದಲ್ಲಿರುವ ನಮ್ಮ ಓದುಗರಿಗೆ ಒಂದು ಮುಖ್ಯ ಎಚ್ಚರಿಕೆ. ಇಲ್ಲಿ ಪಂಚಾಯತಿಗಳ ಪಾಲಿಯೇಟಿವ್ ಆರೈಕೆಯ ದಾದಿಯರು ಮನೆಮನೆಗೆ ಬಂದು, ಹಾಸಿಗೆ ಹಿಡಿದವರ ಟ್ಯೂಬನ್ನು ಬದಲಿಸಿ ಹೋಗುವುದು ರೂಢಿಯಲ್ಲಿದೆ. ಅದು ದೊಡ್ಡ ಉಪಕಾರ. ಆದರೆ ಈ ಶಸ್ತ್ರಚಿಕಿತ್ಸೆಯ ಟ್ಯೂಬು ಆ ತರಹದ್ದಲ್ಲ. ಹೊಸ ಹೊಲಿಗೆಯ ನಡುವೆ ಅದು ನಿಂತಿದೆ. ಅಕಸ್ಮಾತ್ತಾಗಿ ಕಳಚಿಬಿದ್ದರೆ ಅಥವಾ ಕಟ್ಟಿಕೊಂಡು ಮೂತ್ರ ಬರುವುದು ನಿಂತರೆ ಮನೆಯಲ್ಲಿ ಯಾರೂ, ಎಷ್ಟೇ ಅನುಭವಿಗಳಾದರೂ, ಮರಳಿ ತೂರಿಸಲು ಹೋಗಬಾರದು. ಹೊಲಿಗೆ ಹರಿದುಹೋದೀತು. ಶಸ್ತ್ರಚಿಕಿತ್ಸೆ ಮಾಡಿದ ತಂಡಕ್ಕೆ ಕೂಡಲೇ ಫೋನ್ ಮಾಡಿ, ಅವರು ಹೇಳಿದಲ್ಲಿಗೆ ಹೊರಡಬೇಕು. ಮಂಗಳೂರು, ಕಣ್ಣೂರುಗಳಷ್ಟು ದೂರದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮನೆಗೆ ಹೊರಡುವ ಮೊದಲೇ ಆ ಫೋನ್ ಸಂಖ್ಯೆಯನ್ನು ಬರೆಸಿಕೊಳ್ಳುವುದು ಜಾಣತನ.

ಟ್ಯೂಬು ತೆಗೆದ ಮೇಲೆ: ತಿಂಗಳುಗಳ ಲೆಕ್ಕ

ಟ್ಯೂಬು ತೆಗೆದ ದಿನವೇ ಹೆಚ್ಚಿನವರ ಧೈರ್ಯ ಕುಸಿಯುವುದು. ಕೆಲವರಿಗೆ ಅಂದು ನಿಲ್ಲದೆ ಸೋರುತ್ತದೆ. ಪ್ಯಾಡ್ ಮೇಲೆ ಪ್ಯಾಡ್ ಬದಲಿಸಬೇಕಾಗುತ್ತದೆ. ಆ ದಿನಕ್ಕೆಂದು ಒಂದು ಪೊಟ್ಟಣ ಪ್ಯಾಡ್ ಮತ್ತು ಬದಲಿ ಬಟ್ಟೆಯನ್ನು ಆಸ್ಪತ್ರೆಗೇ ಒಯ್ಯಬೇಕು. ದೂರದ ಪ್ರಯಾಣವಿದ್ದರೆ ಇನ್ನೂ ಮುಖ್ಯ.

ಚೇತರಿಕೆ ಹೆಚ್ಚಾಗಿ ಒಂದು ಕ್ರಮದಲ್ಲಿ ಬರುತ್ತದೆ. ಮೊದಲು ರಾತ್ರಿ ಮಲಗಿರುವಾಗ ಒಣಗಿರುತ್ತದೆ. ಆಮೇಲೆ ಕುಳಿತಿರುವಾಗ. ಆಮೇಲೆ ಬೆಳಗಿನ ಹೊತ್ತು ನಡೆದಾಡುವಾಗ. ಸಂಜೆಯ ಹೊತ್ತಿಗೆ ಮತ್ತೆ ಸೋರಬಹುದು. ದಿನವಿಡೀ ದುಡಿದ ಸ್ನಾಯು ದಣಿದಿರುತ್ತದೆ. ಕೆಮ್ಮು, ಸೀನು, ಭಾರ ಎತ್ತುವುದು, ಕುರ್ಚಿಯಿಂದ ಏಳುವುದು ಇವುಗಳ ಹೊತ್ತಿನ ಸೋರಿಕೆ ಹಿಂದೆ ಉಳಿದು ನಿಧಾನವಾಗಿ ಹೋಗುತ್ತದೆ. ಬೆಳಿಗ್ಗೆ ಒಣಗಿದ್ದು ಸಂಜೆ ಒದ್ದೆಯಾದರೆ "ಮತ್ತೆ ಕೆಟ್ಟಿತು" ಎಂದು ತಿಳಿಯಬೇಕಾಗಿಲ್ಲ. ಹೀಗೆ ಆಗುವುದೇ ಸಹಜ.

ಕೆಲವರಿಗೆ ಕೆಲವೇ ವಾರ ಸಾಕು. ಹೆಚ್ಚಿನವರಲ್ಲಿ ಮೂರರಿಂದ ಆರು ತಿಂಗಳಲ್ಲಿ ಎದ್ದುಕಾಣುವ ಸುಧಾರಣೆಯಾಗುತ್ತದೆ. ಒಂದು ವರ್ಷದವರೆಗೂ ಚೇತರಿಕೆ ಮುಂದುವರಿಯುತ್ತಿರುತ್ತದೆ. ವರ್ಷದ ಕೊನೆಗೆ ಬಹುಪಾಲು ಜನರಿಗೆ ಪ್ಯಾಡ್ ಬೇಕಾಗುವುದಿಲ್ಲ, ಇಲ್ಲವೇ ಮುಂಜಾಗ್ರತೆಗೆಂದು ಒಂದು ಸಾಕಾಗುತ್ತದೆ. ವಯಸ್ಸು, ಮೈತೂಕ, ಮೊದಲೇ ಇದ್ದ ಮೂತ್ರದ ತೊಂದರೆ, ಉಳಿದ ನಾಳದ ಉದ್ದ, ಆಮೇಲೆ ವಿಕಿರಣ ಚಿಕಿತ್ಸೆ ಬೇಕಾಯಿತೇ ಎಂಬುದು ಇವೆಲ್ಲ ಈ ಲೆಕ್ಕವನ್ನು ಹಿಂದುಮುಂದು ಮಾಡುತ್ತವೆ.

ಸರಿಯಾದ ಸ್ನಾಯುವನ್ನು ಹುಡುಕುವುದು

ಮಾಸ್ತರರ ಕಥೆಗೆ ಮರಳೋಣ. ಮೂರನೆಯ ತಿಂಗಳ ತಪಾಸಣೆಗೆ ಹೋದಾಗ ಅಲ್ಲಿಯ ಫಿಸಿಯೋಥೆರಪಿಸ್ಟ್ ತುಳು, ಕನ್ನಡ ಎರಡೂ ಬಲ್ಲವರಾಗಿದ್ದರು. "ವ್ಯಾಯಾಮ ಹೇಗೆ ಮಾಡುತ್ತೀರಿ, ತೋರಿಸಿ" ಎಂದರು. ಮಾಸ್ತರರು ಉಸಿರು ಕಟ್ಟಿ ಹೊಟ್ಟೆ ಬಿಗಿದರು. "ಅದಲ್ಲ ಮಾಸ್ಟ್ರೇ. ನಾಲ್ಕು ಜನರ ಮಧ್ಯೆ ಕೂತಿದ್ದೀರಿ, ಗಾಳಿ ಹೋಗುವ ಹಾಗಾಯಿತು, ಹೇಗೆ ತಡೆಯುತ್ತೀರಿ? ಅದನ್ನು ಮಾಡಿ" ಎಂದರು ಅವರು. ಐದು ವಾರಗಳ ಹಾಳೆ ಹೇಳದಿದ್ದುದು ಆ ಒಂದು ಮಾತಿನಲ್ಲಿ ತಿಳಿಯಿತು.

ಗುರುತಿಸುವ ಬಗೆ ಹೀಗೆ. ಮಂಡಿ ಮಡಚಿ ಅಂಗಾತ ಮಲಗಿ, ಅಥವಾ ಕುರ್ಚಿಯಲ್ಲಿ ಕಾಲುಗಳನ್ನು ಸ್ವಲ್ಪ ಅಗಲಿಸಿ ಕುಳಿತುಕೊಳ್ಳಿ. ಹಿಂದಿನಿಂದ ಗಾಳಿ ಹೋಗದಂತೆಯೂ ಮುಂದಿನಿಂದ ಮೂತ್ರ ಬರದಂತೆಯೂ ಏಕಕಾಲದಲ್ಲಿ ತಡೆಯುತ್ತಿರುವಂತೆ ಒಳಕ್ಕೂ ಮೇಲಕ್ಕೂ ಎಳೆದುಕೊಳ್ಳಿ. ಸರಿಯಾಗಿ ಮಾಡಿದರೆ ಶಿಶ್ನದ ಬುಡ ತುಸು ಒಳಕ್ಕೆ ಸರಿದು, ವೃಷಣಗಳು ಸ್ವಲ್ಪ ಮೇಲೇಳುವುದು ತಿಳಿಯುತ್ತದೆ. ಹೊಟ್ಟೆ, ತೊಡೆ, ಪೃಷ್ಠ ಇವು ಬಿಗಿಯಬಾರದು. ಉಸಿರು ಎಂದಿನಂತೆ ಆಡುತ್ತಿರಬೇಕು. ಮಲಬದ್ಧತೆಯಲ್ಲಿ ಮುಕ್ಕುವಂತೆ ಕೆಳಕ್ಕೆ ಒತ್ತಿದರೆ ಕೆಲಸ ತಿರುಗುಮುರುಗಾಗುತ್ತದೆ. ಬಾಗಿಲನ್ನು ಮುಚ್ಚುವ ಬದಲು ನಾವೇ ತಳ್ಳಿ ತೆರೆದಂತೆ.

ಮಾಡುವ ಕ್ರಮ: ಎಳೆದುಕೊಂಡು 3ರಿಂದ 5 ಸೆಕೆಂಡ್ ಹಿಡಿಯಿರಿ, ಅಷ್ಟೇ ಹೊತ್ತು ಪೂರ್ತಿ ಸಡಿಲಿಸಿ. ಹೀಗೆ 10 ಬಾರಿ. ದಿನಕ್ಕೆ ಮೂರು ಹೊತ್ತು. ಬಲ ಬಂದಂತೆ ಹಿಡಿಯುವ ಅವಧಿಯನ್ನು 10 ಸೆಕೆಂಡಿನವರೆಗೆ ಏರಿಸಬಹುದು. ಅದರ ಜೊತೆಗೆ ತಟ್ಟನೆ ಎಳೆದು ತಟ್ಟನೆ ಬಿಡುವುದನ್ನೂ ಕೆಲವು ಬಾರಿ ಮಾಡಬೇಕು; ಸೀನು ಬಂದಾಗ ಬೇಕಾಗುವುದು ಆ ವೇಗ. ಮೊದಲು ಮಲಗಿ, ಆಮೇಲೆ ಕುಳಿತು, ಕೊನೆಗೆ ನಿಂತು ಅಭ್ಯಾಸ ಮಾಡುವುದು ಒಳ್ಳೆಯದು. ಸಡಿಲಿಸುವುದೂ ಎಳೆಯುವಷ್ಟೇ ಮುಖ್ಯ. ಬೇಗ ಗುಣವಾಗಲೆಂದು ದಿನವಿಡೀ ಬಿಗಿಯುತ್ತಿದ್ದರೆ ಸ್ನಾಯು ದಣಿದು ಸಂಜೆ ಹೆಚ್ಚು ಸೋರುತ್ತದೆ. ಮೂತ್ರ ಮಾಡುವಾಗ ನಡುವೆ ನಿಲ್ಲಿಸುವುದನ್ನು ಸ್ನಾಯುವನ್ನು ಗುರುತಿಸಲು ಒಮ್ಮೆ ಮಾಡಿನೋಡಬಹುದೇ ಹೊರತು ದಿನನಿತ್ಯದ ವ್ಯಾಯಾಮವನ್ನಾಗಿ ಮಾಡಬಾರದು. ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿದೀತು.

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಇದನ್ನು ಬದುಕಿನ ಚಲನೆಗೆ ಜೋಡಿಸುವುದು. ಏಳುವ ಮೊದಲು ಎಳೆದುಕೊಳ್ಳಿ, ಆಮೇಲೆ ಏಳಿ. ಕೆಮ್ಮು ಬರುವ ಮೊದಲು ಎಳೆದುಕೊಳ್ಳಿ, ಆಮೇಲೆ ಕೆಮ್ಮಿ. ಕೆಲವು ವಾರಗಳಲ್ಲಿ ಇದು ಯೋಚಿಸದೆಯೇ ಆಗತೊಡಗುತ್ತದೆ.

ಈ ವ್ಯಾಯಾಮಕ್ಕೆ ಹೆಸರು ಬಂದದ್ದು ಅಮೆರಿಕದ ಸ್ತ್ರೀರೋಗ ತಜ್ಞ ಅರ್ನಾಲ್ಡ್ ಕೆಗೆಲ್ ಅವರಿಂದ. ಅವರು 1948ರಲ್ಲಿ ಇದನ್ನು ಪ್ರಕಟಿಸಿದ್ದು ಹೆರಿಗೆಯ ಬಳಿಕ ಮೂತ್ರ ಸೋರುವ ಹೆಂಗಸರಿಗಾಗಿ. ನಮ್ಮ ಎಷ್ಟೋ ಮನೆಗಳಲ್ಲಿ ಅಜ್ಜಿಯರೂ ಅಮ್ಮಂದಿರೂ ಇದೇ ತೊಂದರೆಯನ್ನು ಯಾರಿಗೂ ಹೇಳದೆ ವರ್ಷಗಟ್ಟಲೆ ಹೊತ್ತಿದ್ದಾರೆ. ಅಜ್ಜನ ವ್ಯಾಯಾಮ ಅವರಿಗೂ ಸಲ್ಲುತ್ತದೆ. ಆದರೆ ಒಂದನ್ನು ನೇರವಾಗಿ ಹೇಳಬೇಕು: ವ್ಯಾಯಾಮದಿಂದ ವರ್ಷದ ಕೊನೆಗೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬ ವಿಷಯದಲ್ಲಿ ಅಧ್ಯಯನಗಳೆಲ್ಲ ಒಂದೇ ಮಾತನ್ನು ಹೇಳುವುದಿಲ್ಲ. ಕಾಲವೂ ತನ್ನ ಕೆಲಸ ಮಾಡುತ್ತದೆ. ಆದರೂ ಖರ್ಚಿಲ್ಲದ, ಸರಿಯಾಗಿ ಮಾಡಿದರೆ ಹಾನಿಯಿಲ್ಲದ ಈ ಅಭ್ಯಾಸವನ್ನು ವೈದ್ಯರು ಸಾಮಾನ್ಯವಾಗಿ ಸೂಚಿಸುತ್ತಾರೆ. ಶಸ್ತ್ರಚಿಕಿತ್ಸೆಗೆ ಕೆಲವು ವಾರ ಮೊದಲೇ ಕಲಿತಿಟ್ಟರೆ ಇನ್ನೂ ಸುಲಭ. ನೋವು, ಬಾವು ಇಲ್ಲದಾಗ ಸ್ನಾಯುವನ್ನು ಗುರುತಿಸುವುದು ಕಷ್ಟವಲ್ಲ.

ನೀರು ಬಿಡುವುದು ಮದ್ದಲ್ಲ

ಸೋರುತ್ತದೆಂದು ಹೆದರಿ ನೀರು ಕುಡಿಯುವುದನ್ನೇ ಬಿಡುವುದು ಹೆಚ್ಚಿನವರು ಮಾಡುವ ತಪ್ಪು. ಮಾಸ್ತರರೂ ಮಾಡಿದ್ದರು. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಕೆಣಕುತ್ತದೆ, ಅವಸರ ಹೆಚ್ಚುತ್ತದೆ, ಸೋಂಕಿಗೂ ಮಲಬದ್ಧತೆಗೂ ದಾರಿಯಾಗುತ್ತದೆ. ಹೃದಯ, ಮೂತ್ರಪಿಂಡದ ಕಾಯಿಲೆಗೆಂದು ವೈದ್ಯರು ಮಿತಿ ಹೇಳಿರದಿದ್ದರೆ, ಮೂತ್ರ ತಿಳಿಹಳದಿ ಬಣ್ಣದಲ್ಲಿರುವಷ್ಟು ನೀರನ್ನು ಹಗಲು ಹಂಚಿಕೊಂಡು ಕುಡಿಯಬೇಕು. ಮಲಗುವ ಎರಡು ಗಂಟೆ ಮೊದಲು ಕಡಿಮೆ ಮಾಡಿದರೆ ಸಾಕು. ಕಾಫಿ, ಚಹಾ ಮೂತ್ರಕೋಶವನ್ನು ಕೆರಳಿಸುತ್ತವೆ. ದಿನಕ್ಕೆ ನಾಲ್ಕು ಲೋಟ ಕುಡಿಯುವವರು ಒಂದಕ್ಕೆ ಇಳಿಸಿ ವ್ಯತ್ಯಾಸ ನೋಡಬಹುದು. ಮದ್ಯವೂ ಹಾಗೆಯೇ.

ಮಲಬದ್ಧತೆಯಾಗದಂತೆ ಸೊಪ್ಪು, ತರಕಾರಿ, ಹಣ್ಣು ಊಟದಲ್ಲಿರಬೇಕು. ಬೀಡಿ, ಸಿಗರೇಟು ಕೆಮ್ಮನ್ನು ತರುತ್ತವೆ. ಒಂದೊಂದು ಕೆಮ್ಮೂ ದುರ್ಬಲ ಸ್ನಾಯುವಿನ ಮೇಲೆ ಒಂದೊಂದು ಏಟು. ಮೊದಲ ಕೆಲವು ವಾರ ನೀರು ತುಂಬಿದ ಕೊಡ, ಗ್ಯಾಸ್ ಸಿಲಿಂಡರ್, ಅಡಿಕೆಯ ಗೋಣಿ ಇವನ್ನು ಎತ್ತಬಾರದು. ಬೆನ್ನಿಗೆ ಟ್ಯಾಂಕ್ ಕಟ್ಟಿ ಮದ್ದು ಬಿಡುವ ಕೆಲಸ, ಸೈಕಲ್ ತುಳಿಯುವುದು, ಬೈಕಿನ ಸವಾರಿ ಇವುಗಳಿಗೆ ವೈದ್ಯರ ಒಪ್ಪಿಗೆಯವರೆಗೆ ಕಾಯಬೇಕು. ನಡೆಯುವುದು ಮಾತ್ರ ಮೊದಲಿನಿಂದಲೂ ಒಳ್ಳೆಯದು. ಅಂಗಳದಲ್ಲಿ ಹತ್ತು ಸುತ್ತಿನಿಂದ ಆರಂಭಿಸಿ ದಿನದಿನಕ್ಕೆ ಏರಿಸಬಹುದು.

ಅವಸರ ಹೆಚ್ಚಿರುವವರು ಗಂಟೆಯ ಲೆಕ್ಕದಲ್ಲಿ ಹೋಗಬೇಕು. ಮೊದಲ ವಾರ ಎರಡು ಗಂಟೆಗೊಮ್ಮೆ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಅಂತರವನ್ನು ಹೆಚ್ಚಿಸಿದರೆ ಮೂತ್ರಕೋಶ ಮತ್ತೆ ಹಿಡಿದಿಡಲು ಕಲಿಯುತ್ತದೆ. ಒದ್ದೆಯಾದ ಪ್ಯಾಡನ್ನು ಬಹಳ ಹೊತ್ತು ಇಟ್ಟುಕೊಂಡರೆ ಚರ್ಮ ಸುಟ್ಟಂತಾಗುತ್ತದೆ. ಬದಲಿಸಿ, ತೊಳೆದು, ಒತ್ತಿ ಒರಸಬೇಕು. ನಮ್ಮ ಕರಾವಳಿಯ ಸೆಕೆಯಲ್ಲಿ ಇದು ಇನ್ನೂ ಅಗತ್ಯ.

ಅಂಕಿಗಳಿಗೆ ಅನುವಾದ ಬೇಡ

ಒಂದು ನೋಟುಪುಸ್ತಕವನ್ನು ಇದಕ್ಕೆಂದೇ ಇಡಲು ನಾವು ಸೂಚಿಸುತ್ತೇವೆ. ತಪಾಸಣೆಗೆ ಹೋಗುವ ಮೊದಲಿನ ಮೂರು ದಿನ ಇಷ್ಟನ್ನು ಬರೆಯಿರಿ: ಎಷ್ಟು ಗಂಟೆಗೆ ಏನು, ಎಷ್ಟು ಕುಡಿದೆ; ಎಷ್ಟು ಗಂಟೆಗೆ ಎಷ್ಟು ಮೂತ್ರ ಹೋಯಿತು, ಗುರುತು ಹಾಕಿದ ಅಳತೆಯ ಪಾತ್ರೆಯಲ್ಲಿ ನೋಡಿ; ದಿನಕ್ಕೆ ಎಷ್ಟು ಪ್ಯಾಡ್; ಸೋರುವಾಗ ಏನು ಮಾಡುತ್ತಿದ್ದೆ. ಮನೆಯಲ್ಲಿ ಗ್ರಾಂ ತೋರಿಸುವ ಸಣ್ಣ ತಕ್ಕಡಿ ಇದ್ದರೆ ಒದ್ದೆ ಪ್ಯಾಡಿನ ತೂಕದಿಂದ ಒಣ ಪ್ಯಾಡಿನ ತೂಕವನ್ನು ಕಳೆಯಿರಿ. ಒಂದು ಗ್ರಾಂ ಎಂದರೆ ಸುಮಾರು ಒಂದು ಮಿಲಿಲೀಟರ್. ದಿನದ ಒಟ್ಟು ಮೊತ್ತವೇ ಸೋರಿಕೆಯ ಪ್ರಮಾಣ.

ಈ ಪುಸ್ತಕ ಎರಡು ಕೆಲಸ ಮಾಡುತ್ತದೆ. ಮೊದಲನೆಯದಾಗಿ, ವೈದ್ಯರಿಗೆ ಯಾವ ಭಾಷೆ ಬಂದರೂ ಅಂಕಿಗಳು ಅರ್ಥವಾಗುತ್ತವೆ. ನಾಚಿಕೆಯ ಮಾತನ್ನು ಅಂಕಿಗಳೇ ಹೇಳಿಬಿಡುತ್ತವೆ. ಎರಡನೆಯದಾಗಿ, ದಿನದಿಂದ ದಿನಕ್ಕೆ ಕಾಣದ ಸುಧಾರಣೆ ತಿಂಗಳಿಂದ ತಿಂಗಳಿಗೆ ಕಾಣುತ್ತದೆ. ಮಾಸ್ತರರ ಪುಸ್ತಕದಲ್ಲಿ ಮೂರನೆಯ ತಿಂಗಳ ಪುಟದಲ್ಲಿ ದಿನಕ್ಕೆ ಐದು ಪ್ಯಾಡ್ ಎಂದಿದೆ, ಐದನೆಯ ತಿಂಗಳಲ್ಲಿ ಎರಡು. "ಏನೂ ಸುಧಾರಿಸಿಲ್ಲ ಎಂದೇ ನಾನು ಅಂದುಕೊಂಡಿದ್ದೆ, ಲೆಕ್ಕ ನೋಡಿದ ಮೇಲೆ ನಂಬಿದೆ" ಎಂದರು ಅವರು.

ತಿಳಿಯದ ಭಾಷೆಯ ಹಾಳೆ ಕೈಗೆ ಬಂದಾಗ ಓದಿ ಹೇಳುವ ಹೊರೆಯನ್ನು ಮಕ್ಕಳ ಮೇಲೆ ಹಾಕಬೇಡಿ. ಮನೆಯ ಹಿರಿಯರೊಬ್ಬರು, ಪರಿಚಯದ ದಾದಿ, ಆಶಾ ಕಾರ್ಯಕರ್ತೆ ಯಾರಾದರೂ ಆಗಬಹುದು. ಆಸ್ಪತ್ರೆಯಲ್ಲಿಯೇ "ನನಗೆ ಕನ್ನಡದಲ್ಲಿ ಹೇಳುವವರು ಯಾರಾದರೂ ಇದ್ದಾರೆಯೇ" ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಆಮೇಲೆ ವ್ಯಾಯಾಮವನ್ನು ಅವರ ಎದುರೇ ಒಮ್ಮೆ ಮಾಡಿ ತೋರಿಸಿ, ಸರಿಯೇ ಎಂದು ಕೇಳಿ. ಹಾಳೆಗಿಂತ ಅದು ಮೇಲು.

ಕೂಡಲೇ ಹೊರಡಬೇಕಾದ ಸಂದರ್ಭಗಳು

ಮೂತ್ರ ಪೂರ್ತಿ ಕಟ್ಟಿಹೋದರೆ, ಚಳಿಜ್ವರ ಬಂದರೆ, ರಕ್ತದ ಗಡ್ಡೆಗಳು ಬಂದರೆ, ಹೊಟ್ಟೆ ಉಬ್ಬಿ ನೋವು ಹೆಚ್ಚಿದರೆ ತಡಮಾಡಬಾರದು. ಒಂದು ಕಾಲಿನ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರಾಟ ಕಷ್ಟವಾಗುವುದು ರಕ್ತನಾಳದಲ್ಲಿ ಗಡ್ಡೆ ಕಟ್ಟಿದ ಸೂಚನೆಯಾಗಿರಬಹುದು. ಹತ್ತಿರದ ದೊಡ್ಡ ಆಸ್ಪತ್ರೆಗೆ ಅದೇ ಗಳಿಗೆಯಲ್ಲಿ ಹೋಗಬೇಕು. ಮೂತ್ರ ಮಾಡುವಾಗ ಉರಿ, ದುರ್ವಾಸನೆ ಇದ್ದರೆ ಸೋಂಕಿನ ಪರೀಕ್ಷೆ ಬೇಕು. ಕೆಲವು ತಿಂಗಳ ಬಳಿಕ ಧಾರೆ ದಿನದಿನಕ್ಕೆ ಸಣ್ಣದಾಗುತ್ತ ಬಂದರೆ, ಹೊಲಿದ ಜಾಗದಲ್ಲಿ ಗಾಯದ ಕಲೆ ಬಿಗಿದು ದಾರಿ ಕಿರಿದಾಗಿರಬಹುದು. ಸೋರುತ್ತಿದ್ದುದು ಹೀಗೆ ತಾನಾಗಿ ನಿಂತಿತೆಂದು ಸಂತೋಷಪಟ್ಟು ಸುಮ್ಮನಿರಬಾರದು.

ವರ್ಷ ಕಳೆದರೂ ನಿಲ್ಲದಿದ್ದರೆ

ಸ್ವಲ್ಪ ಜನರಿಗೆ ವರ್ಷವಾದರೂ ತೊಂದರೆ ಉಳಿಯುತ್ತದೆ. ಅದು ಅವರ ಅಭ್ಯಾಸದ ಕೊರತೆಯೇ ಆಗಿರಬೇಕೆಂದಿಲ್ಲ, ಅಲ್ಲಿಗೆ ದಾರಿ ಮುಗಿಯುವುದೂ ಇಲ್ಲ. ಅವಸರದಿಂದಾಗುವ ಸೋರಿಕೆಗೆ ಮಾತ್ರೆಗಳಿವೆ. ಸಣ್ಣ, ಮಧ್ಯಮ ಪ್ರಮಾಣದ ಸೋರಿಕೆಗೆ ಮೂತ್ರನಾಳದ ಕೆಳಗೆ ಪಟ್ಟಿಯೊಂದನ್ನು ಇರಿಸಿ ಆಸರೆ ಕೊಡುವ ಶಸ್ತ್ರಚಿಕಿತ್ಸೆ ಇದೆ. ಹೆಚ್ಚು ಸೋರುವವರಿಗೆ ಕೃತಕ ಬಾಗಿಲನ್ನೇ ಅಳವಡಿಸುತ್ತಾರೆ. ಅಮೆರಿಕದ ಬ್ರಾಂಟ್ಲಿ ಸ್ಕಾಟ್ ಮತ್ತು ಅವರ ಸಂಗಡಿಗರು 1970ರ ದಶಕದ ಆರಂಭದಲ್ಲಿ ರೂಪಿಸಿದ ಸಾಧನ ಇದರ ಮೂಲ. ನಾಳವನ್ನು ಸುತ್ತಿದ ನೀರು ತುಂಬಿದ ಪಟ್ಟಿ ಅದನ್ನು ಮುಚ್ಚಿಡುತ್ತದೆ. ವೃಷಣಚೀಲದೊಳಗಿನ ಸಣ್ಣ ಪಂಪನ್ನು ಒತ್ತಿದಾಗ ಪಟ್ಟಿ ಸಡಿಲಿ ಮೂತ್ರ ಹೋಗುತ್ತದೆ. ಕೆಲವೇ ನಿಮಿಷಗಳಲ್ಲಿ ಮತ್ತೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಇವೆಲ್ಲಕ್ಕೆ ಖರ್ಚಿದೆ, ಅಪಾಯವೂ ಇದೆ; ಮೂತ್ರರೋಗ ತಜ್ಞರೊಡನೆ ಕುಳಿತು ತೂಗಿನೋಡಬೇಕಾದ ವಿಷಯ.

ದಾಂಪತ್ಯದ ಮಾತೂ ಒಂದಿದೆ. ಪ್ರಾಸ್ಟೇಟ್‌ನ ಎರಡು ಬದಿಯಲ್ಲಿ ಹಾದುಹೋಗುವ ನರಗಳು ಪುರುಷತ್ವಕ್ಕೆ ಸಂಬಂಧಿಸಿದವು. ಅವನ್ನು ಉಳಿಸಿ ಗ್ರಂಥಿಯನ್ನು ತೆಗೆಯುವ ಕ್ರಮವನ್ನು ಪ್ಯಾಟ್ರಿಕ್ ವಾಲ್ಶ್ 1982ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಆರಂಭಿಸಿದರು. ಹಾಗೆ ಉಳಿಸಿದಾಗಲೂ ಆ ಶಕ್ತಿ ಮರಳಲು ಮೂತ್ರದ ಹಿಡಿತಕ್ಕಿಂತ ಹೆಚ್ಚು ಕಾಲ ಬೇಕಾಗಬಹುದು. ಇದಕ್ಕೂ ಚಿಕಿತ್ಸೆಗಳಿವೆ. ಗಂಡಹೆಂಡತಿ ಇಬ್ಬರೂ ಒಟ್ಟಿಗೆ ಹೋಗಿ ಕೇಳುವುದು ಒಳ್ಳೆಯದು.

ಮನೆಯವರ ಪಾಲು

ಈ ಚೇತರಿಕೆಯಲ್ಲಿ ಮನೆಯವರು ಮಾಡಬಹುದಾದ ಕೆಲಸ ಸಣ್ಣದು, ಆದರೆ ದೊಡ್ಡದು. ಸ್ನಾನದ ಮನೆಯಲ್ಲಿ ಮುಚ್ಚಳವಿರುವ ಒಂದು ಕಸದ ಬುಟ್ಟಿ. ಹಾಸಿಗೆಗೆ ಒಂದು ರಬ್ಬರ್ ಹಾಳೆ. ಹೊರಡುವಾಗ ಚೀಲದಲ್ಲಿ ಒಂದು ಜೊತೆ ಬಟ್ಟೆ, ಎರಡು ಪ್ಯಾಡ್. ಪಂಚೆಯ ಒಳಗೆ ಬಿಗಿಯಾದ ಒಳಉಡುಪು, ಬಿಳಿಯ ಬದಲು ಗಾಢ ಬಣ್ಣದ ಲುಂಗಿ ಅಥವಾ ಪ್ಯಾಂಟು. ಒದ್ದೆಯಾದಾಗ ಮುಖ ಸಿಂಡರಿಸದಿರುವುದು.

ಮಡಿಯೊಡೆಯಿತೆಂದು ಪೂಜೆಯನ್ನು ಬಿಟ್ಟವರಿದ್ದಾರೆ, ಶುದ್ಧಿ ನಿಲ್ಲುವುದಿಲ್ಲವೆಂದು ನಮಾಜಿಗೆ ಹೋಗುವುದನ್ನು ನಿಲ್ಲಿಸಿದವರೂ ಇದ್ದಾರೆ. ತಮ್ಮ ತಮ್ಮ ಧರ್ಮದ ತಿಳಿದವರನ್ನು ಕೇಳಿದರೆ ರೋಗಿಗೆ ರಿಯಾಯಿತಿಯ ದಾರಿ ಇದ್ದೇ ಇರುತ್ತದೆ. ಕೇಳದೆ ಮನೆಯ ಮೂಲೆಯಲ್ಲಿ ಕುಳಿತು ಮನಸ್ಸು ಕುಗ್ಗಿಸಿಕೊಳ್ಳುವುದು ಬೇಡ. ವಾರಗಟ್ಟಲೆ ಊಟ, ನಿದ್ರೆ, ಮಾತು ಬೇಡವಾದರೆ ಅದನ್ನೂ ವೈದ್ಯರಿಗೆ ಹೇಳಬೇಕು.

ಮಕ್ಕಳಿಗೂ ಒಂದು ಮಾತು ಹೇಳಿಡಿ: ಅಜ್ಜನಿಗೆ ಶಸ್ತ್ರಚಿಕಿತ್ಸೆಯಾಗಿದೆ, ಮೂತ್ರ ತಡೆಯುವ ಸ್ನಾಯು ಮತ್ತೆ ಬಲಗೊಳ್ಳುತ್ತಿದೆ, ಅದಕ್ಕೆ ಸಮಯ ಬೇಕು. ಇಷ್ಟು ಸರಳವಾಗಿ ಹೇಳಿದರೆ ಮಕ್ಕಳಿಗೆ ಅರ್ಥವಾಗುತ್ತದೆ; ಮುಚ್ಚಿಟ್ಟರೆ ಮಾತ್ರ ಅದು ಅವರಿಗೆ ನಗೆಯ ಅಥವಾ ಹೆದರಿಕೆಯ ವಿಷಯವಾಗುತ್ತದೆ.

ಮಾಸ್ತರರಿಗೆ ಈಗ ಏಳನೆಯ ತಿಂಗಳು. ದಿನಕ್ಕೆ ಒಂದು ಪ್ಯಾಡ್ ಸಾಕು. ಕೆಲವು ದಿನ ಅದೂ ಒಣಗಿಯೇ ಇರುತ್ತದೆ. ದೊಡ್ಡದಾಗಿ ಸೀನಿದಾಗ ಇನ್ನೂ ಒಂದೆರಡು ಹನಿ ಬೀಳುವುದುಂಟು. ಕಳೆದ ವಾರ ಶಾಲೆಯಲ್ಲಿ ರಕ್ಷಕ ಶಿಕ್ಷಕ ಸಭೆ ಇತ್ತು. ಮೊಮ್ಮಗಳ ಕೈ ಹಿಡಿದು ಅವರು ಬಂದು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಎರಡು ಗಂಟೆ ಕುಳಿತರು. ಏಳುವ ಮೊದಲು ಒಂದು ಕ್ಷಣ ಸುಮ್ಮನಿದ್ದರು; ಆಮೇಲೆ ಎದ್ದರು. ಆ ಒಂದು ಕ್ಷಣ ಏತಕ್ಕೆಂದು ಈ ಲೇಖನವನ್ನು ಓದಿದವರಿಗೆ ತಿಳಿಯುತ್ತದೆ.